ಮರಳಿಗೊಂದು, ಬೇಣಕ್ಕೊಂದು: ಪೆಟ್ರೋಲ್ ಬಗ್ಗಿಯ ಗೇರು ಬದಲಿಸಿ ನೋಡಿದ್ದು

ಪೆಟ್ರೋಲಿನಲ್ಲಿ ಓಡುವ ಆರ್‌ಸಿ ಬಗ್ಗಿ, ಅಂದರೆ ರಿಮೋಟ್ ಕಂಟ್ರೋಲ್ ಆಟದ ಗಾಡಿ, ಕೊಂಡವರು ಮೊದಲು ಕೈ ಹಾಕುವುದು ಇಂಜಿನ್ನಿಗೆ. ಕಸುವು ಹೆಚ್ಚಿಸುವ ಸೈಲೆನ್ಸರ್ ಟ್ಯೂನ್ಡ್ ಪೈಪ್ ಹಾಕುತ್ತಾರೆ, ದೊಡ್ಡ ಕಾರ್ಬುರೇಟರ್ ಹಾಕುತ್ತಾರೆ, 23 ಸಿಸಿ ಇದ್ದಲ್ಲಿ 30 ಸಿಸಿ ಕೂರಿಸುತ್ತಾರೆ. ಆ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಗೇರು ನೆನಪಾಗುವುದು ಅದರ ಹಲ್ಲು ಉದುರಿದ ಮೇಲೆ. ನಾನು ಇಂಜಿನ್ ಮುಟ್ಟದೆ ಟ್ರಾನ್ಸ್‌ಮಿಷನ್ ಒಂದನ್ನೇ ಬದಲಿಸುತ್ತ ನೋಡಿದೆ. ಹಲ್ಲಿನ ಲೆಕ್ಕ ಬದಲಿಸಿದ ಗೇರು ಜೋಡಿಗಳು, ಎರಡು ಸ್ಪೀಡಿನ ಕಿಟ್, ಬೆಲ್ಟ್ ಡ್ರೈವ್. ಎಲ್ಲವೂ ಒಂದೇ ಗಾಡಿಯಲ್ಲಿ, ಕಾರವಾರದ ಮರಳಿನಲ್ಲೂ ಶಿರಸಿ ಕಡೆಯ ಹುಲ್ಲಿನ ಇಳಿಜಾರಾದ ಬೇಣದಲ್ಲೂ. ಗೆದ್ದಿದ್ದು ಎಲ್ಲಕ್ಕಿಂತ ಅಗ್ಗದ್ದು.

ಗಾಡಿ 1/5 ಸ್ಕೇಲಿನದು, ಅಂದರೆ ನಿಜದ ಗಾಡಿಯ ಐದನೇ ಒಂದರಷ್ಟು ಅಳತೆ. ಎಚ್‌ಪಿಐ ಕಂಪನಿಯ ಬಾಜಾ 5ಬಿ ಮಾದರಿ. ಈ ಮಾದರಿಯ ನಕಲುಗಳು ಚೀನಾದಿಂದ ಬೇಕಾದಷ್ಟು ಬಂದಿವೆ, ಬಿಡಿಭಾಗ ಬಹುಪಾಲು ಅದಲುಬದಲು ಆಗುತ್ತದೆ. ತೂಕ ಹತ್ತು ಕಿಲೋ ಆಸುಪಾಸು. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಡ್ರೈವ್. ಟೂ ಸ್ಟ್ರೋಕ್ ಇಂಜಿನ್, 1 ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ ಆಯಿಲ್, ಅಂದರೆ 25:1. ಮೊದಲ ಸಲ ಇದನ್ನು ಬಿಚ್ಚಿ ಟೇಬಲ್ ಮೇಲಿಟ್ಟಾಗ ಶಿರಸಿಯ ಮೆಕ್ಯಾನಿಕ್ ಒಬ್ಬರು ನಕ್ಕುಬಿಟ್ಟರು. "ತಮಾ, ಇದು ನಮ್ಮ ವೀಡ್ ಕಟರ್ ಇಂಜಿನ್ನೇ ಅಲ್ದನ?" ಮಾತು ಸುಳ್ಳಲ್ಲ. ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಮಷಿನ್ನಿನ ವಂಶದ್ದೇ ಇದು. ಅದೇ ತರಹದ ಡಯಾಫ್ರಾಮ್ ಕಾರ್ಬುರೇಟರ್, ಅದೇ ತರಹದ ಸೆಂಟ್ರಿಫ್ಯೂಗಲ್ ಕ್ಲಚ್. ಹಾಗಾಗಿ ಬೆಂಗಳೂರಿಗೆ ಹೋಗದೆಯೂ ಇಂಜಿನ್ ರಿಪೇರಿ ಇಲ್ಲೇ ಆಗುತ್ತದೆ. ಗೇರಿನ ವಿಷಯಕ್ಕೆ ಮಾತ್ರ ವೀಡ್ ಕಟರ್ ಅನುಭವ ಉಪಯೋಗಕ್ಕೆ ಬರುವುದಿಲ್ಲ.

ಶಕ್ತಿ ಹೋಗುವ ದಾರಿ ಸರಳ. ಇಂಜಿನ್ ವೇಗ ಏರಿದಾಗ ಕ್ಲಚ್ಚಿನ ಶೂಗಳು ಸ್ಪ್ರಿಂಗ್ ಮೀರಿ ಹೊರಕ್ಕೆ ಚಾಚಿ, ಬೆಲ್ ಎನ್ನುವ ಬಟ್ಟಲಿನಂಥ ಭಾಗದ ಒಳಮೈಯನ್ನು ಹಿಡಿಯುತ್ತವೆ. ಬೆಲ್ಲಿನ ಜೊತೆ ತಿರುಗುವ ಚಿಕ್ಕ ಗೇರು ಪಿನಿಯನ್, ಅದು ದೊಡ್ಡ ಸ್ಪರ್ ಗೇರನ್ನು ತಿರುಗಿಸುತ್ತದೆ. ಅಲ್ಲಿಂದ ಗೇರ್‌ಬಾಕ್ಸ್, ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಚಕ್ರ. ಬೈಕಿನ ಹಾಗೆ ಗೇರು ಇಳಿಸಿ ಏರಿಸುವುದು ಇಲ್ಲ. ಸ್ಟಾರ್ಟಿಗೂ ಟಾಪ್ ಸ್ಪೀಡಿಗೂ ಒಂದೇ ಅನುಪಾತ. ತಕರಾರು ಹುಟ್ಟುವುದೇ ಇಲ್ಲಿ.

ನನ್ನ ಗಾಡಿಯಲ್ಲಿ ಇದ್ದದ್ದು ಪಿನಿಯನ್ 17 ಹಲ್ಲು, ಸ್ಪರ್ 57. ಪಿನಿಯನ್ ಸುಮಾರು 3.35 ಸುತ್ತು ತಿರುಗಿದರೆ ಸ್ಪರ್ ಒಂದು ಸುತ್ತು. ಸಿಗುವ ಬದಲಿ ಜೋಡಿಗಳು 16/58, 18/56, 19/55. ಯಾವ ಜೋಡಿಯನ್ನು ಕೂಡಿಸಿದರೂ 74 ಬರುತ್ತದೆ, ಗಮನಿಸಿ. ಎರಡು ಗೇರಿನ ನಡುವಿನ ಅಂತರ ಅಷ್ಟೇ ಇರಬೇಕು, ಅದಕ್ಕೆ. ಅಂಗಡಿಯವ ಪಿನಿಯನ್ ಒಂದನ್ನೇ ಬದಲಿಸಿ ಸಾಕು ಅಂದರೆ ನಂಬಬೇಡಿ, ಜೋಡಿಯಾಗಿಯೇ ತಗೊಳ್ಳಿ.

ಮೊದಲು ಎಲ್ಲರಿಗೂ ಬೇಕಾಗುವ ಸ್ಪೀಡಿನ ಜೋಡಿ, 19/55. ಲೆಕ್ಕದಲ್ಲಿ ಇದು ಟಾಪ್ ಸ್ಪೀಡನ್ನು ಶೇಕಡಾ 16ರ ಹತ್ತಿರ ಏರಿಸುತ್ತದೆ. ಕಾರವಾರದಲ್ಲಿ ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಗಟ್ಟಿಯಾದ ಒದ್ದೆ ಮರಳು ಉದ್ದಕ್ಕೆ ಸಿಗುತ್ತದಲ್ಲ, ಆ ಪಟ್ಟಿಯ ಮೇಲೆ ಇದು ನಿಜಕ್ಕೂ ಖುಷಿ ಕೊಟ್ಟಿತು. ನೋಡಲು ನಿಂತ ಹುಡುಗರು "ಅಣ್ಣಾ, ಎಷ್ಟು ಸ್ಪೀಡ್ ಹೋಗ್ತದೆ?" ಅಂತ ಕೇಳುವುದು ಈ ಜೋಡಿ ಹಾಕಿದ ದಿನವೇ. ಆದರೆ ಗಾಡಿಯನ್ನು ತಿರುಗಿಸುವಾಗ ಸ್ವಲ್ಪ ಮೇಲಿನ ಒಣ ಮರಳಿಗೆ ಹೋಯಿತೋ, ಕಥೆ ಮುಗಿಯಿತು. ಚಕ್ರ ಹೂತು ಭಾರ ಬೀಳುತ್ತದೆ. ಕ್ಲಚ್ ಪೂರ್ತಿ ಹಿಡಿಯಲಾರದೆ ಜಾರುತ್ತಲೇ ಇರುತ್ತದೆ. ಜಾರಿದಷ್ಟೂ ಬಿಸಿ. ಸುಟ್ಟ ವಾಸನೆ ಬರುತ್ತದೆ, ಬೆಲ್ ನೀಲಿಗಟ್ಟುತ್ತದೆ, ಶೂಗಳ ಮೈ ಗಾಜಿನಂತೆ ನುಣುಪಾಗಿ ಇನ್ನಷ್ಟು ಜಾರುತ್ತದೆ. ಸ್ಪೀಡಿಗೆಂದು ಹಾಕಿದ ಗೇರು ಕ್ಲಚ್ಚನ್ನು ತಿನ್ನತೊಡಗುತ್ತದೆ.

ಬೇಣದಲ್ಲಂತೂ 19/55ಕ್ಕೆ ಜಾಗವೇ ಇಲ್ಲ. ಬೇಣ ಅಂದರೆ ನಮ್ಮಲ್ಲಿ ತೋಟದ ಮೇಲ್ಗಡೆಯ ಹುಲ್ಲಿನ ಇಳಿಜಾರು. ನಡುನಡುವೆ ಕೆಂಪು ಕಲ್ಲಿನ ಹರಳು, ದರೆ, ಗುಂಡಿ. ಐವತ್ತು ಅರವತ್ತು ಮೀಟರ್ ನೇರ ಓಟ ಸಿಕ್ಕರೆ ಅದೇ ದೊಡ್ಡದು. ಗಾಡಿ ಆ ಗೇರಿನ ಪೂರ್ತಿ ವೇಗಕ್ಕೆ ಬರುವ ಮೊದಲೇ ಬ್ರೇಕ್ ಹಿಡಿಯಬೇಕು.

16/58 ಇದಕ್ಕೆ ಉಲ್ಟಾ. ಇದ್ದ ಜೋಡಿಗಿಂತ ಟಾಪ್ ಸ್ಪೀಡ್ ಶೇಕಡಾ ಏಳೂವರೆಯಷ್ಟು ಕಡಿಮೆ. ಕಾಗದದ ಮೇಲೆ ನಷ್ಟ. ನೆಲದ ಮೇಲೆ ಹಾಗೆ ಅನಿಸುವುದಿಲ್ಲ. ಒಣ ಮರಳಿನಲ್ಲಿ ನಿಂತಲ್ಲಿಂದ ಹೊರಡುತ್ತದೆ, ಏರಿನಲ್ಲಿ ಉಸಿರು ಬಿಡುವುದಿಲ್ಲ, ಕ್ಲಚ್ ಬೇಗ ಹಿಡಿದುಕೊಳ್ಳುತ್ತದೆ. ಅದೇ ಜಾಗದಲ್ಲಿ ಅದೇ ಹೊತ್ತು ಓಡಿಸಿ ಬೆಲ್ ಹತ್ತಿರ ಕೈ ಹಿಡಿದರೆ ಬಿಸಿಯ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಮುಟ್ಟಬೇಡಿ ಮತ್ತೆ, ಹತ್ತಿರ ಹಿಡಿದರೆ ಸಾಕು. ಮರಳಿಗೆಂದು ಪ್ಯಾಡಲ್ ಟೈರು (ದೋಣಿಯ ಹುಟ್ಟಿನಂಥ ಪಟ್ಟಿಗಳಿರುವ ಟೈರು) ಹಾಕುವವರು ಇದನ್ನೇ ಹಾಕಬೇಕು ಎಂದು ನನ್ನ ಅಭಿಪ್ರಾಯ. ಟೈರಿನ ಎತ್ತರ ಹೆಚ್ಚಿದಷ್ಟೂ ಸ್ಪೀಡಿನ ಗೇರು ಹಾಕಿದ ಪರಿಣಾಮವೇ ಆಗುತ್ತದೆ. ಆ ಭಾರವನ್ನು 16/58 ಸರಿದೂಗಿಸುತ್ತದೆ.

ಒಂದು ಸಣ್ಣ ಕೊಕ್ಕೆ ಇದೆ. 17 ಮತ್ತು 57 ಎರಡನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಸ್ಪರ್ರಿನ ಎಲ್ಲ 57 ಹಲ್ಲನ್ನೂ ಸರದಿಯಲ್ಲಿ ಮುಟ್ಟುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. 16 ಮತ್ತು 58 ಎರಡೂ ಸಮಸಂಖ್ಯೆ. ಇಲ್ಲಿ ಒಂದು ಹಲ್ಲು ಎದುರಿನ ಅರ್ಧ ಹಲ್ಲುಗಳನ್ನು ಮಾತ್ರ ಮುಟ್ಟುತ್ತದೆ. ಒಂದು ಹರಳು ಸಿಕ್ಕಿ ಒಂದು ಹಲ್ಲು ಮೊಂಡಾದರೆ ಅದರ ಪೆಟ್ಟು ಅದೇ 29 ಹಲ್ಲಿಗೆ ಮತ್ತೆ ಮತ್ತೆ ಬೀಳುತ್ತದೆ. 18/56ರದ್ದೂ ಇದೇ ಹಣೆಬರಹ. ಆಟದ ಗಾಡಿಗೆ ಇಷ್ಟೆಲ್ಲ ಲೆಕ್ಕ ಬೇಕಾ ಅಂದರೆ, ಬೇಡ. ಆದರೆ ಗೇರಿನ ಮೇಲೆ ಮುಚ್ಚಳ ಇಲ್ಲದೆ ಬೇಣದಲ್ಲಿ ಓಡಿಸುವವರು ತಲೆಯಲ್ಲಿಟ್ಟುಕೊಂಡರೆ ಒಳ್ಳೆಯದು.

ಸ್ಪರ್ ಪ್ಲಾಸ್ಟಿಕ್ಕಿನದೋ ಸ್ಟೀಲಿನದೋ ಎಂಬ ಜಗಳವೂ ಇದೆ. ಪ್ಲಾಸ್ಟಿಕ್ ಸದ್ದು ಕಡಿಮೆ, ಹಗುರ. ಕೆಂಪು ಕಲ್ಲಿನ ಹರಳು ಒಂದು ಒಳಗೆ ಹೋದರೆ ಸಾಲಾಗಿ ಹಲ್ಲು ಹಾರಿಹೋಗುತ್ತದೆ. ಸ್ಟೀಲ್ ಕಿರುಚುತ್ತದೆ, ಆದರೆ ಉಳಿಯುತ್ತದೆ. ಪ್ಲಾಸ್ಟಿಕ್ ಪರ ಹೇಳುವವರ ವಾದದಲ್ಲೂ ಹುರುಳಿದೆ. ಅದು ಮನೆಯ ಫ್ಯೂಸ್ ಇದ್ದಂತೆ, ತಾನು ಹೋಗಿ ಮುಂದಿನದನ್ನು ಉಳಿಸುತ್ತದೆ. ಸ್ಟೀಲ್ ಹಾಕಿದರೆ ಆ ಪೆಟ್ಟು ಗೇರ್‌ಬಾಕ್ಸಿಗೋ ಡಿಫರೆನ್ಷಿಯಲ್ಲಿಗೋ ಹೋಗುತ್ತದೆ. ನನ್ನ ಮಟ್ಟಿಗೆ ಬೀಚಿಗೆ ಪ್ಲಾಸ್ಟಿಕ್ ನಡೆಯುತ್ತದೆ, ಬೇಣಕ್ಕೆ ಸ್ಟೀಲೇ ಆಗಬೇಕು.

ಈಗ ಎರಡು ಸ್ಪೀಡಿನ ಕಿಟ್. ಇದು ನನ್ನದಲ್ಲ, ಕಾರವಾರದ ಗೆಳೆಯನದ್ದು. ಅವನ ಗಾಡಿ ಮೂಲೆ ಸೇರಿದ್ದರಿಂದ ನನ್ನದಕ್ಕೆ ಹಾಕಿದೆವು. ಗೇರು ಜೋಡಿಗೆ ಹೋಲಿಸಿದರೆ ಬೆಲೆ ಹಲವು ಪಟ್ಟು. ಬೇರೆ ಬೇರೆ ಹಲ್ಲಿನ ಎರಡು ಜೋಡಿ ಗೇರು ಇರುತ್ತವೆ. ಗಾಡಿ ವೇಗ ಹಿಡಿದಾಗ ಒಳಗಿನ ಇನ್ನೊಂದು ಚಿಕ್ಕ ಕ್ಲಚ್ ತಾನಾಗಿ ಎರಡನೇ ಗೇರಿಗೆ ದಾಟಿಸುತ್ತದೆ. ಯಾವ ವೇಗಕ್ಕೆ ದಾಟಬೇಕು ಎಂಬುದನ್ನು ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಅಂದರೆ 16/58ರ ಎಳೆತವೂ ಬೇಕು, 19/55ರ ಓಟವೂ ಬೇಕು ಅನ್ನುವವರಿಗೆ ಮಾಡಿದ್ದು.

ಒದ್ದೆ ಮರಳಿನ ನೇರ ಓಟದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಇಂಜಿನ್ ಕೂಗಿ ಕೂಗಿ ಒಮ್ಮೆಲೆ ದನಿ ತಗ್ಗುತ್ತದೆ, ಗಾಡಿ ಮಾತ್ರ ಇನ್ನೂ ಮುಂದಕ್ಕೆ ಚಿಮ್ಮುತ್ತದೆ. ಆ ಒಂದು ಕ್ಷಣಕ್ಕೆ ದುಡ್ಡು ಕೊಡುವವರನ್ನು ನಾನು ಬೈಯುವುದಿಲ್ಲ. ತೊಂದರೆ ಬರುವುದು ನೆಲ ಬದಲಾದಾಗ. ಮರಳು ಸ್ವಲ್ಪ ಸಡಿಲವಾದರೆ ವೇಗ ಇಳಿಯುತ್ತದೆ, ಮೊದಲ ಗೇರಿಗೆ ಬೀಳುತ್ತದೆ. ಕೂಡಲೇ ವೇಗ ಏರಿ ಎರಡನೆಯದಕ್ಕೆ ಹೋಗುತ್ತದೆ, ಮತ್ತೆ ಬೀಳುತ್ತದೆ. ಗಾಡಿ ಜಗ್ಗಿ ಜಗ್ಗಿ ಓಡುತ್ತದೆ. ಆ ಜಗ್ಗಾಟ ಹಲ್ಲಿಗೂ ಒಳ್ಳೆಯದಲ್ಲ, ನೋಡುವ ಕಣ್ಣಿಗೂ. ಬೀಚಿಗೆ ಹೊಂದಿಸಿದ ಸ್ಕ್ರೂ ಬೇಣಕ್ಕೆ ಬಂದರೆ ಹೊಂದುವುದಿಲ್ಲ, ಅಲ್ಲಿ ಎರಡನೇ ಗೇರು ಬೀಳುವುದೇ ಅಪರೂಪ. ಒಳಗಿನ ಸಣ್ಣ ಸ್ಪ್ರಿಂಗು, ಬೇರಿಂಗುಗಳಿಗೆ ಉಪ್ಪು ಮರಳು ಹೋದರೆ ಪೂರ್ತಿ ಬಿಚ್ಚಿ ತೊಳೆಯಬೇಕು. ಕರಾವಳಿಯ ಉಪ್ಪುಗಾಳಿಗೆ ಸೈಕಲ್ ಚೈನೇ ವಾರದಲ್ಲಿ ಕೆಂಪಾಗುವಾಗ ಇದರ ಪಾಡು ಕೇಳುವುದೇ ಬೇಡ. ಡಾಂಬರು ಹಾಸಿದ ದೊಡ್ಡ ಖಾಲಿ ಜಾಗ ಇರುವ ಊರಿನವರಿಗೆ ಈ ಕಿಟ್ ಸರಿ. ನಮ್ಮ ಜಿಲ್ಲೆಯಲ್ಲಿ ಹಾಗೆ ಖಾಲಿ ಬಿದ್ದ ಸಪಾಟು ಜಾಗ ಎಲ್ಲಿದೆ, ಅಲ್ವಾ?

ಬೆಲ್ಟ್ ಡ್ರೈವ್ ಬಗ್ಗೆ ನನಗೆ ಜಾಸ್ತಿ ಆಸೆ ಇತ್ತು. ಪಿನಿಯನ್, ಸ್ಪರ್ ಜಾಗದಲ್ಲಿ ಎರಡು ಪುಲ್ಲಿ, ನಡುವೆ ಹಲ್ಲಿನ ಬೆಲ್ಟ್. ಗೇರಿನ ಕಿರುಚಾಟ ಒಮ್ಮೆಲೆ ನಿಂತುಹೋಗುತ್ತದೆ, ಇಂಜಿನ್ ಸದ್ದು ಮಾತ್ರ ಉಳಿಯುತ್ತದೆ. ದರೆ ಹಾರಿ ಬಿದ್ದಾಗಿನ ಪೆಟ್ಟನ್ನು ಬೆಲ್ಟ್ ಸ್ವಲ್ಪ ನುಂಗಿಕೊಳ್ಳುತ್ತದೆ. ಥ್ರಾಟಲ್ ಒತ್ತಿದಾಗಿನ ಎಳೆತವೂ ನಯ. ಕೊಯ್ಲು ಮುಗಿದ ಗದ್ದೆಯ ಒಣಮಣ್ಣಿನಲ್ಲಿ ಓಡಿಸಿ ನೋಡಿ, ಇದಕ್ಕಿಂತ ಚಂದದ ಡ್ರೈವ್ ಇಲ್ಲ.

ಹರಳು ಕಲ್ಲಿಗೆ ಬಂದರೆ ಬೇರೆ ಲೆಕ್ಕ. ಬೆಲ್ಟಿಗೂ ಪುಲ್ಲಿಗೂ ನಡುವೆ ಒಂದು ಹರಳು ಹೊಕ್ಕರೆ ಸಾಕು, ಬೆಲ್ಟ್ ಹಲ್ಲು ಹಾರುತ್ತದೆ ಇಲ್ಲವೇ ಹರಿಯುತ್ತದೆ. ನುಣುಪು ಮರಳು ಹೀಗೆ ಒಮ್ಮೆಲೆ ಕೊಲ್ಲುವುದಿಲ್ಲ, ಆದರೆ ಅಲ್ಯೂಮಿನಿಯಂ ಪುಲ್ಲಿಯನ್ನು ಉಪ್ಪುಕಾಗದದಂತೆ ತಿಕ್ಕುತ್ತಲೇ ಇರುತ್ತದೆ. ಬಿಗಿತದ್ದೂ ಒಂದು ತಲೆನೋವು. ಸಡಿಲ ಬಿಟ್ಟರೆ ಜಿಗಿದು ಬಿದ್ದಾಗ ಹಲ್ಲು ದಾಟುತ್ತದೆ. ಬಿಗಿ ಮಾಡಿದರೆ ಕ್ಲಚ್ ಬೆಲ್ಲಿನ ಬೇರಿಂಗ್ ಮೇಲೆ ಸದಾ ಎಳೆತ, ಅದು ಬೇಗ ಹೋಗುತ್ತದೆ. ಅನುಪಾತ ಬದಲಿಸಬೇಕೆಂದರೆ ಪುಲ್ಲಿ ಬದಲಿಸಬೇಕು, ಬೆಲ್ಟಿನ ಉದ್ದವೂ ಹೊಂದಬೇಕು. ಒಂದು ಬೆಲ್ಟ್ ಹರಿದರೆ ಪಾರ್ಸೆಲ್ ಬರುವ ತನಕ ಗಾಡಿ ಕೊಟ್ಟಿಗೆಯಲ್ಲಿ. ಗದ್ದೆಯವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ತಗೊಳ್ಳಿ. ಬೀಚಿನವರಿಗೆ, ಬೇಣದವರಿಗೆ ಬೇಡ.

ಕಿಟ್‌ಗಳ ಗದ್ದಲದಲ್ಲಿ ಕ್ಲಚ್ ಸ್ಪ್ರಿಂಗನ್ನು ಮರೆಯುತ್ತಾರೆ. ಅಂಗಡಿಯಲ್ಲಿ 8000 ಆರ್‌ಪಿಎಂ ಸ್ಪ್ರಿಂಗ್ ಎಂದು ಕೇಳಿದರೆ ಸಿಗುತ್ತದೆ. ಈ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕ್ಲಚ್ ತಡವಾಗಿ, ಇಂಜಿನ್ನಿಗೆ ಕಸುವು ಬಂದ ಮೇಲೆ ಹಿಡಿಯುತ್ತದೆ. 19/55 ಇಟ್ಟುಕೊಂಡೇ ತೀರುತ್ತೇನೆ ಅನ್ನುವವರು ಇದನ್ನು ಹಾಕಿ. 16/58ರ ಜೊತೆ ಹಾಕಿದರೆ ಒಣ ಮರಳಿನಲ್ಲಿ ಒಮ್ಮೆಲೆ ಗುದ್ದಿದ ಹಾಗೆ ಹಿಡಿದು ಹಿಂದಿನ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಅಲ್ಲಿಗೆ ಮೆದು ಸ್ಪ್ರಿಂಗೇ ವಾಸಿ.

ಡಿಫರೆನ್ಷಿಯಲ್ ಇನ್ನೊಂದು. ಒಳಗಿನ ಗ್ರೀಸ್ ತೆಳ್ಳಗಿದ್ದರೆ ಇಳಿಜಾರಿನಲ್ಲಿ ಹಗುರಾದ ಚಕ್ರ ಸುಮ್ನೆ ಗರಗರ ತಿರುಗುತ್ತದೆ, ನೆಲ ಕಚ್ಚಿದ ಚಕ್ರಕ್ಕೆ ಏನೂ ಹೋಗುವುದಿಲ್ಲ. ದಪ್ಪ ಸಿಲಿಕೋನ್ ಆಯಿಲ್ ತುಂಬಿದ ಮೇಲೆ ಎರಡೂ ತಳ್ಳುತ್ತವೆ. ತಿರುವಿನಲ್ಲಿ ಮೂತಿ ಸ್ವಲ್ಪ ಹೊರಗೆ ಹೋಗುತ್ತದೆ, ಅದಕ್ಕೆ ಒಗ್ಗಿಕೊಳ್ಳಬಹುದು. ಬೇಣದಲ್ಲಿ ಈ ಒಂದು ಡಬ್ಬಿ ಆಯಿಲ್ ಮಾಡಿದಷ್ಟು ಕೆಲಸವನ್ನು ಎರಡು ಸ್ಪೀಡಿನ ಕಿಟ್ ಮಾಡಲಿಲ್ಲ.

ಗೇರು ಕೂರಿಸುವಾಗ ಹಲ್ಲುಗಳ ನಡುವೆ ನೋಟ್‌ಬುಕ್ಕಿನ ಕಾಗದದ ಚೂರು ಇಟ್ಟು ಒತ್ತಿ ಇಂಜಿನ್ ಬಿಗಿ ಮಾಡಿ, ಆಮೇಲೆ ಕಾಗದ ತೆಗೆಯಿರಿ. ಹಲ್ಲುಗಳ ನಡುವೆ ತುಸುವೇ ಪ್ಲೇ (ಸಡಿಲ) ಇರಬೇಕು. ಸ್ಪರ್ ತಿರುಗಿಸುತ್ತ ನಾಲ್ಕಾರು ಕಡೆ ನೋಡಿ, ಒಂದು ಕಡೆ ಸರಿ ಇದ್ದು ಇನ್ನೊಂದು ಕಡೆ ಬಿಗಿ ಇರಬಹುದು. ನಟ್ಟು ಬೋಲ್ಟಿಗೆ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್ ಹಚ್ಚಿ, ಈ ಇಂಜಿನ್ನಿನ ನಡುಕಕ್ಕೆ ಬರಿ ಬಿಗಿತ ನಿಲ್ಲುವುದಿಲ್ಲ. ಬೀಚಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು ಒಣಗಿಸಿ.

ಈಗ ನನ್ನ ಗಾಡಿಯಲ್ಲಿ ವರ್ಷದ ಹೆಚ್ಚು ಕಾಲ ಇರುವುದು ಸ್ಟೀಲಿನ 16/58, ಮೆದು ಸ್ಪ್ರಿಂಗ್, ದಪ್ಪ ಡಿಫ್ ಆಯಿಲ್, ಗೇರಿನ ಮೇಲೆ ಮುಚ್ಚಳ. ಚಳಿಗಾಲ ಶುರುವಾದರೆ ಕಾರವಾರಕ್ಕೆ ಒಯ್ಯುವಾಗ 17/57 ಹಾಕುತ್ತೇನೆ. ಆಗ ಆಲಿವ್ ರಿಡ್ಲೆ ಆಮೆಗಳು ಈ ಕರಾವಳಿಗೆ ಬಂದು ಮೊಟ್ಟೆಯಿಡುವ ಕಾಲ. ಮೊಟ್ಟೆ ಇರುವುದು ಮೇಲಿನ ಒಣ ಮರಳಿನಲ್ಲಿ. ಅತ್ತ ಗಾಡಿ ಬಿಡುವ ಹಾಗೇ ಇಲ್ಲ, ಓಟವೆಲ್ಲ ನೀರಿನಂಚಿನ ಗಟ್ಟಿ ಪಟ್ಟಿಯಲ್ಲೇ, ಅದೂ ಹಗಲು ಹೊತ್ತು. ಆ ನೆಲಕ್ಕೆ 17/57 ಸಾಕು.