ನಾಳೆಯ ಕನಸೋ, ನಾಳೆಯ ಭಯವೋ: ಯಾವ ಚಿತ್ರ ಮೊದಲು?

ಪ್ರಯೋಗಾತ್ಮಕ ಸಿನಿಮಾ ಭವಿಷ್ಯವನ್ನು ಹೇಗೆ ಕಾಣುತ್ತದೆ ಅಂತ ನೋಡಲು ಒಂದೇ ಸಂಜೆ ಸಿಕ್ಕರೆ, ನಾನು ಈ ಎರಡನ್ನು ಮುಂದಿಡುತ್ತೇನೆ.

ಜೀಗಾ ವೆರ್ತೋವ್ ಅವರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ (1929) ಭರವಸೆಯ ಚಿತ್ರ. ಕಥೆ ಇಲ್ಲ, ಮಾತಿಲ್ಲ. ಸೋವಿಯತ್ ನಗರಗಳು, ಯಂತ್ರಗಳು, ಜನ ಎಲ್ಲ ಒಂದೇ ಲಯದಲ್ಲಿ ಓಡುತ್ತಾರೆ. ಯಂತ್ರ ಮನುಷ್ಯನ ಗೆಳೆಯ ಅಂತ ಅದು ಮನಸಾರೆ ನಂಬುತ್ತದೆ. ಒಂದು ಗಂಟೆಗಿಂತ ಜಾಸ್ತಿ ಇದೆ, ಕಥೆ ಬೇಕೆನ್ನುವವರಿಗೆ ಸ್ವಲ್ಪ ಕಷ್ಟ.

ಕ್ರಿಸ್ ಮಾರ್ಕರ್ ಅವರ ‘ಲಾ ಜೆಟೆ’ (1962) ಬರೀ 28 ನಿಮಿಷ. ಮೂರನೇ ಮಹಾಯುದ್ಧದಲ್ಲಿ ಪ್ಯಾರಿಸ್ ನಾಶವಾಗಿದೆ. ಉಳಿದವರು ನೆಲದಡಿ ಸೇರಿದ್ದಾರೆ. ಒಬ್ಬ ಕೈದಿಯನ್ನು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಕಳಿಸುತ್ತಾರೆ. ಇದೆಲ್ಲ ಸಾಗುವುದು ಕದಲದ ಫೋಟೋಗಳಲ್ಲಿ. ಒಂದು ಕಡೆ, ಅವನು ಹಿಂದಿನ ಕಾಲದಲ್ಲಿ ಭೇಟಿಯಾಗುವ ಹೆಂಗಸು ಮಲಗಿರುವ ಫೋಟೋಗಳು ಒಂದರೊಳಗೊಂದು ಕರಗುತ್ತವೆ. ಹಕ್ಕಿಗಳ ಸದ್ದು ಏರುತ್ತದೆ. ಥಟ್ಟನೆ ಅವಳು ಕಣ್ಣು ಮಿಟುಕಿಸುತ್ತಾಳೆ! ಇಡೀ ಚಿತ್ರದಲ್ಲಿ ಚಲಿಸುವುದು ಅದೊಂದೇ ಗಳಿಗೆ. ನನಗಂತೂ ಉಸಿರೇ ನಿಂತಿತ್ತು.

ವೆರ್ತೋವ್ ಚಿತ್ರದಲ್ಲೂ ಸಂಕಲನದ ಮೇಜಿನ ಮೇಲೆ ಫೋಟೋದಂತೆ ಸ್ತಬ್ಧವಾಗಿದ್ದ ಮುಖಗಳು ಜೀವ ಪಡೆಯುತ್ತವೆ, ಆದರೆ ಅಲ್ಲಿ ಅದು ಹಬ್ಬದಂತಿದೆ.

ಹೊಸಬರು ‘ಲಾ ಜೆಟೆ’ಯಿಂದ ಶುರು ಮಾಡಿ. ಕ್ಯಾಮೆರಾ ಹಿಡಿಯುವ ಆಸೆ ಇದ್ದರೆ ಮಾತ್ರ ವೆರ್ತೋವ್ ಮೊದಲು.