ವಿದ್ಯಾನಗರದ ಪುಟ್ಟ ಪಾರ್ಲರ್: ಹೀರೋಯಿನ್ ಥರ ಬೇಕು ಅಂತ ಹೋಗಿದ್ದೆವು

ತಂಗಿ ಮದುವೆ ಮೇಕಪ್‌ಗಾಗಿ ದಾವಣಗೆರೆಯಲ್ಲಿ ಮೂರು ಪಾರ್ಲರ್ ಸುತ್ತಿದೆವು. ಮೊದಲ ಎರಡರಲ್ಲೂ ಮಾತು ಶುರುವಾಗಿದ್ದೇ ಅವಳ ಬಣ್ಣದಿಂದ. ಒಂದು ಕಡೆ ಗೋಡೆ ಮೇಲಿದ್ದ ನಟಿಯ ಫೋಟೋ ತೋರಿಸಿ, ಆರು ಸಿಟ್ಟಿಂಗ್ ಮಾಡಿಸಿದರೆ ಹೀಗೇ ಬೆಳ್ಳಗಾಗ್ತಾರೆ ಎಂದು 18,000 ರೂಪಾಯಿ ಹೇಳಿದರು. ತಂಗಿ ಅದನ್ನೇ ತಲೆಯಲ್ಲಿ ತುಂಬಿಕೊಂಡು ಮೂರನೆಯದಕ್ಕೆ ಬಂದಳು.

ಇದು ವಿದ್ಯಾನಗರದಲ್ಲಿದೆ. ಮೊದಲ ಮಹಡಿ, ಎರಡೇ ಕುರ್ಚಿ. ನಡೆಸುವ ಅಕ್ಕ ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸೀರಿಯಲ್, ಸಿನಿಮಾ ಸೆಟ್‌ಗಳಲ್ಲಿ ಹೇರ್ ಡ್ರೆಸ್ಸರ್ ಆಗಿದ್ದವರು. ತಂಗಿ ಮೊಬೈಲ್‌ನಲ್ಲಿ ಹೀರೋಯಿನ್ ಫೋಟೋ ತೋರಿಸಿದಳು. ಅವರು ಅದನ್ನು ದೊಡ್ಡದು ಮಾಡಿ ನೋಡಿ, "ಇದರಲ್ಲಿ ಅರ್ಧ ಲೈಟು ಕಣಮ್ಮ, ಈ ಕೂದಲೂ ಅವಳದಲ್ಲ" ಎಂದರು.

ಆಮೇಲೆ ತಂಗಿಯ ಜಡೆ ಬಿಚ್ಚಿ ಬಾಚುತ್ತಲೇ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಟಿಯರ ತಲೆಗೆ ದಿನಾ ಬಿಸಿ ಐರನ್, ಸ್ಪ್ರೇ, ಬುಡಕ್ಕೆ ಎಳೆದು ಕಟ್ಟುವ ಎಕ್ಸ್‌ಟೆನ್ಷನ್ ಅನ್ನೋ ಜೋಡಣೆ ಕೂದಲು, ಹೀಗೆ ಎರಡು ವರ್ಷ ನಡೆದರೆ ಹಣೆ ಹತ್ತಿರ ಕೂದಲು ಉದುರುತ್ತದೆ, ಅದು ಕಾಣಬಾರದು ಅಂತ ಮತ್ತೆ ಎಕ್ಸ್‌ಟೆನ್ಷನ್. ಎಷ್ಟೋ ಸೀರಿಯಲ್ ಹುಡುಗಿಯರು ಸೀರೆ, ಬ್ಲೌಸ್, ಸರ ಎಲ್ಲ ತಮ್ಮ ದುಡ್ಡಲ್ಲೇ ತರುತ್ತಿದ್ದರಂತೆ. ಬರುವುದು ದಿನಗೂಲಿ, ಅದರಲ್ಲೇ ಇದೂ ಆಗಬೇಕು. ಔಟ್‌ಡೋರ್ ಶೂಟಿಂಗ್ ಇದ್ದರೆ ಬೆಳಗ್ಗೆಯಿಂದ ನೀರೇ ಮುಟ್ಟುತ್ತಿರಲಿಲ್ಲ, ಯಾಕಂದ್ರೆ ಹೋಗೋಕೆ ಬಾತ್‌ರೂಮ್ ಇರುತ್ತಿರಲಿಲ್ಲ. ಮಲಯಾಳಂ ಚಿತ್ರರಂಗದ ಬಗ್ಗೆ 2024ರ ಆಗಸ್ಟ್‌ನಲ್ಲಿ ಹೊರಬಂದ ನ್ಯಾಯಮೂರ್ತಿ ಹೇಮಾ ಸಮಿತಿ ವರದಿಯಲ್ಲೂ ಇದೇ ಇತ್ತು: ಶೌಚಾಲಯ ಇಲ್ಲದೆ ನೀರು ಕುಡಿಯದೆ ಇದ್ದು, ಮೂತ್ರದ ಸೋಂಕು ಹತ್ತಿಸಿಕೊಂಡ ಹೆಣ್ಣುಮಕ್ಕಳು. ಆಗ ಅದನ್ನು ಪೇಪರ್‌ನಲ್ಲಿ ಓದಿ ಮರೆತಿದ್ದೆ. ಬಾಚಣಿಗೆ ಹಿಡಿದು ಇವರು ಹೇಳಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು.

"ತೆಳ್ಳಗೆ ಕಾಣಬೇಕು ಅಂತ ಮಧ್ಯಾಹ್ನದ ಡಬ್ಬಿ ನಮಗೇ ಕೊಟ್ಟುಬಿಡೋರು" ಎಂದೂ ಹೇಳಿದರು. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ಸತ್ತ ಕಿರುತೆರೆ ನಟಿಗೆ ಬರೀ 21 ವರ್ಷ. ನನ್ನ ತಂಗಿಗೆ 24. ಟಿವಿ ಮುಂದೆ ಕೂತು 'ಇವಳು ದಪ್ಪ ಆಗಿದ್ದಾಳೆ ನೋಡು' ಅಂತ ನಮ್ಮ ಮನೆಯಲ್ಲೂ ಆಡುತ್ತೇವೆ, ನಾನೂ ಆಡಿದ್ದೇನೆ. ಇನ್ನು ಆಡಲ್ಲ.

ಈಗ ಕೆಲಸದ ವಿಷಯ. ಬೆಳ್ಳಗೆ ಮಾಡುವ ಸಿಟ್ಟಿಂಗ್ ಇಲ್ಲಿ ಇಲ್ಲವೇ ಇಲ್ಲ, ಕೇಳಿದರೂ ಮಾಡಲ್ಲ. ತಂಗಿಯ ಬಣ್ಣಕ್ಕೆ ಹೊಂದುವ ಫೌಂಡೇಶನ್ ಹುಡುಕಲು ಮುಕ್ಕಾಲು ಗಂಟೆ ಕೂತರು. ಟ್ರಯಲ್‌ಗೆ 800 ರೂಪಾಯಿ, ಆಮೇಲೆ ಬಿಲ್‌ನಲ್ಲಿ ಕಳೆಯುತ್ತಾರೆ. ಮುಹೂರ್ತ, ರಿಸೆಪ್ಷನ್ ಎರಡೂ ಸೇರಿ 9,000. ಸೀರೆ ಉಡಿಸುವುದು ಅದರಲ್ಲೇ ಬಂತು, ಹೂವು ನಮ್ಮದು. ಬೆಳಗಿನ ಜಾವ ನಾಲ್ಕೂವರೆಗೆ ಮಂಟಪದಲ್ಲಿದ್ದರು. ಹೋಮದ ಹೊಗೆ, ಸೆಕೆ, ಕಣ್ಣೀರು ಎಲ್ಲ ಆದರೂ ಮಧ್ಯಾಹ್ನ ಊಟದ ತನಕ ಮೇಕಪ್ ಕದಲಲಿಲ್ಲ. ಜಡೆ ಬಿಚ್ಚುವಾಗ ಒಂದು ಕೂದಲೂ ಕೀಳದ ಹಾಗೆ ಪಿನ್ ತೆಗೆದರು, ಅದಕ್ಕೇ ಅರ್ಧ ಗಂಟೆ ಹಿಡಿಯಿತು.

ಕೊರತೆಗಳೂ ಇವೆ. ಕೆಲಸದ ನಡುವೆ ಫೋನ್ ಎತ್ತುವುದಿಲ್ಲ. ಮೆಟ್ಟಿಲು ಬಹಳ ಕಡಿದು, ಮಂಡಿ ನೋವಿನ ಅಮ್ಮನನ್ನು ಕೆಳಗೇ ಕೂರಿಸಬೇಕಾಯಿತು. ಲಗ್ನದ ದಿನಗಳಲ್ಲಿ ಐಬ್ರೋಗೂ ಒಂದೂವರೆ ಗಂಟೆ ಕಾಯಬೇಕು. ಮದುವೆಗೆ ಬೇಕಿದ್ದರೆ ಎರಡು ತಿಂಗಳ ಮುಂಚೆ, ಬೆಳಗ್ಗೆ ಹನ್ನೊಂದರ ಒಳಗೆ ಖುದ್ದಾಗಿ ಹೋಗಿ ಮಾತಾಡಿ.