ಅಡಾ ಭಾಷೆಯ ಗ್ನಾಟ್ ಕಂಪೈಲರ್: ಉಚಿತ ಆವೃತ್ತಿ ಎಲ್ಲಿಯವರೆಗೆ ಸಾಕು, ಪ್ರೋ ಎಲ್ಲಿಂದ ಬೇಕು

ಗ್ನಾಟ್ ಎಂದರೆ ಅಡಾ ಭಾಷೆಯ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಕಂಪೈಲರ್. ಒಂದೇ ಅಡಾ ಪ್ರೋಗ್ರಾಮನ್ನು ಉಚಿತ ಗ್ನಾಟ್‌ನಲ್ಲೂ ಅಡಾಕೋರ್ ಕಂಪನಿ ಚಂದಾಕ್ಕೆ ಮಾರುವ ಗ್ನಾಟ್ ಪ್ರೋದಲ್ಲೂ ಕೋಡನ್ನು ಚುರುಕುಗೊಳಿಸುವ ಓ2 ಮಟ್ಟದಲ್ಲಿ ಕಂಪೈಲ್ ಮಾಡಿ ಓಡಿಸಿ ನೋಡಿದರೆ ವೇಗದಲ್ಲಿ ಹೇಳಿಕೊಳ್ಳುವಂಥ ಅಂತರ ಸಿಗುವುದಿಲ್ಲ. ಎರಡರ ಬುಡದಲ್ಲೂ ಇರುವುದು ಜಿಸಿಸಿ ಎಂಬ ಸ್ವತಂತ್ರ ಕಂಪೈಲರ್ ಸಮೂಹ. ಅದರ ಅಡಾ ಭಾಗವನ್ನು ಬರೆದು ತಿದ್ದುವವರು ಬಹುಪಾಲು ಅಡಾಕೋರ್‌ನ ಎಂಜಿನಿಯರುಗಳೇ. ಹಾಗಾಗಿ ದುಡ್ಡು ಕೊಟ್ಟರೆ ಕೋಡ್ ಚುರುಕಾಗುತ್ತದೆ ಎಂಬ ನಿರೀಕ್ಷೆ ಬೇಡ. ವರ್ಷಗಟ್ಟಲೆ ಎರಡನ್ನೂ ಬಳಸಿದಾಗ ಎದ್ದು ಕಾಣುವ ವ್ಯತ್ಯಾಸ ಬೇರೆಯದೇ: ಕಂಪೈಲರ್‌ನಲ್ಲೇ ಬಗ್ ಸಿಕ್ಕ ದಿನ ನಿಮ್ಮ ಮುಂದೆ ಎಷ್ಟು ದಾರಿಗಳಿವೆ ಎಂಬುದು.

ಬಗ್‌ಗಳಲ್ಲಿ ಸುಲಭದ್ದು ಕಂಪೈಲರ್ ತಾನೇ ಕುಸಿಯುವುದು. ಆಗ ಪರದೆಯ ಮೇಲೆ 'ಗ್ನಾಟ್ ಬಗ್ ಡಿಟೆಕ್ಟೆಡ್' ಎಂಬ ಚೌಕ ಮೂಡುತ್ತದೆ. ಆವೃತ್ತಿ, ಸಾಲಿನ ಸಂಖ್ಯೆ, ಜೊತೆಗೆ ಕಳಿಸಬೇಕಾದ ಫೈಲುಗಳ ಪಟ್ಟಿ ಎಲ್ಲವೂ ಅದರಲ್ಲೇ ಇರುತ್ತದೆ. ಆ ಪಟ್ಟಿ ಕೆಲವೊಮ್ಮೆ ಅಪೂರ್ಣ, ಅದನ್ನು ಚೌಕವೇ ಹೇಳಿಬಿಡುತ್ತದೆ. ದಯವಿಟ್ಟು ಆ ಚೌಕವನ್ನು ಓದದೆ ಟರ್ಮಿನಲ್ ಮುಚ್ಚಬೇಡಿ. ಇಡೀ ಪಠ್ಯ, ಕೊಟ್ಟ ಕಮಾಂಡ್ ಇದ್ದದ್ದು ಇದ್ದ ಹಾಗೆ, ಬೇಕಾದ ಎಲ್ಲ ಯೂನಿಟ್‌ಗಳನ್ನು (ಪ್ರೋಗ್ರಾಮಿನ ಬಿಡಿ ಭಾಗಗಳು) ಗ್ನಾಟ್‌ಚಾಪ್ ಎಂಬ ಉಪಕರಣ ಬಿಡಿಸಬಲ್ಲ ಹಾಗೆ ಜೋಡಿಸಿದ ಒಂದೇ ಫೈಲು, ಇಷ್ಟಿದ್ದರೆ ವರದಿ ಪೂರ್ಣ. ಅದಕ್ಕೂ ಮೊದಲು ಪ್ರೊಸೀಜರ್‌ಗಳ ಒಡಲನ್ನು ಒಂದೊಂದಾಗಿ ಖಾಲಿ ಮಾಡುತ್ತ ಹೋಗಿ. ಕುಸಿತ ಉಳಿದುಕೊಳ್ಳುವ ಅತಿ ಚಿಕ್ಕ ತುಣುಕು ಕೈಗೆ ಸಿಕ್ಕರೆ ಸರಿಪಡಿಸುವವರ ಅರ್ಧ ಕೆಲಸ ಮುಗಿದಂತೆ.

ಈ ಹಂತದವರೆಗೆ ಎರಡೂ ಆವೃತ್ತಿಗಳ ಹಾದಿ ಒಂದೇ, ಇಲ್ಲಿ ಕವಲೊಡೆಯುತ್ತದೆ. ಉಚಿತ ಆವೃತ್ತಿಯ ವರದಿ ಹೋಗುವುದು ಜಿಸಿಸಿಯ ಬಗ್ ವರದಿಗಳ ತಾಣವಾದ ಬಗ್‌ಜಿಲ್ಲಾಕ್ಕೆ. ಅದು ಎಲ್ಲರಿಗೂ ತೆರೆದ ಜಾಗ. ಕಂಪನಿಯ ಗುಟ್ಟಿನ ಕೋಡ್ ಅಲ್ಲಿ ಹಾಕುವಂತಿಲ್ಲ. ಬಗ್ ತೋರಿಸುವ ಹೊಸ ಉದಾಹರಣೆಯನ್ನೇ ಬರೆಯಬೇಕು, ಅದಕ್ಕೆ ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಪ್ರೋದಲ್ಲಿ ಅದೇ ಕೋಡನ್ನು ಗೌಪ್ಯವಾಗಿ ಕಳಿಸಬಹುದು. ನನ್ನ ಲೆಕ್ಕದಲ್ಲಿ ಚಂದಾದ ಅತಿ ದೊಡ್ಡ ಪ್ರಯೋಜನ ಇದು. ಕೊಳ್ಳುವ ಮುನ್ನ ಇದರ ಬಗ್ಗೆ ಯೋಚಿಸುವವರು ತೀರಾ ಕಡಿಮೆ.

ಇನ್ನು ತಿದ್ದುಪಡಿ ಕೈಗೆ ಬರುವ ಸಮಯ. ಜಿಸಿಸಿಯ ಹೊಸ ಮುಖ್ಯ ಆವೃತ್ತಿ ವರ್ಷಕ್ಕೊಂದು, ಈಚಿನ ವರ್ಷಗಳಲ್ಲಿ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ಹಳೆಯ ಬ್ರಾಂಚ್‌ಗಳಿಗೆ (ಬಿಡುಗಡೆಯಾದ ಆವೃತ್ತಿಗಳ ಕೋಡ್ ಕವಲುಗಳು) ಸೇರುವುದು ಮುಖ್ಯವಾಗಿ ರಿಗ್ರೆಶನ್ ತಿದ್ದುಪಡಿಗಳು, ಅಂದರೆ ಮೊದಲು ಸರಿಯಿದ್ದು ಆಮೇಲೆ ಕೆಟ್ಟದ್ದು. ಮೊದಲಿನಿಂದಲೂ ಇದ್ದ ಬಗ್ಗನ್ನು ಜೂನ್‌ನಲ್ಲಿ ಟ್ರಂಕ್‌ನಲ್ಲಿ, ಅಂದರೆ ಮುಂದಿನ ಆವೃತ್ತಿ ಬೆಳೆಯುವ ಮುಖ್ಯ ಕೋಡಿನಲ್ಲಿ, ಸರಿಪಡಿಸಿದರೆ ರಿಲೀಸ್ ಆದ ಕಂಪೈಲರ್‌ನಲ್ಲಿ ಅದು ಕಾಣಿಸಲು ಹೆಚ್ಚುಕಡಿಮೆ 10 ತಿಂಗಳು. ಬ್ರಾಂಚ್‌ನ ಆಯಸ್ಸೂ ಸುಮಾರು ಮೂರು ವರ್ಷ: ಜಿಸಿಸಿ 10 ಬಂದದ್ದು 2020ರ ಮೇನಲ್ಲಿ, ಕೊನೆಯ 10.5 ಬಂದು ಬ್ರಾಂಚ್ ಮುಚ್ಚಿದ್ದು 2023ರ ಜುಲೈನಲ್ಲಿ. ಪ್ರೋ ಗ್ರಾಹಕರಿಗೆ ತಿದ್ದುಪಡಿ ಸೇರಿದ ಮಧ್ಯಂತರ ಬಿಲ್ಡ್ ಸಿಗುತ್ತದೆ, ಅದನ್ನು ವೇವ್‌ಫ್ರಂಟ್ ಅನ್ನುತ್ತಾರೆ. ಅಶ್ಯೂರೆನ್ಸ್ ಎಂಬ ಮೇಲಿನ ಮಟ್ಟದ ಚಂದಾ ಇದ್ದರೆ ನೀವು ಆರಿಸಿಕೊಂಡ ಹಳೆಯ ಆವೃತ್ತಿಯನ್ನೇ ವರ್ಷಗಟ್ಟಲೆ ಕಾಪಾಡಿಕೊಡುತ್ತಾರೆ. ವಿಮಾನ, ರೈಲ್ವೆ ಸಿಗ್ನಲ್‌ಗಳಂಥ ಕಡೆ ಪ್ರಮಾಣೀಕರಣ ಮುಗಿದ ಮೇಲೆ ಕಂಪೈಲರ್ ಬದಲಿಸುವುದೆಂದರೆ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡುವುದು. ಅಲ್ಲಿ ಇದು ಐಷಾರಾಮವಲ್ಲ, ಅಗತ್ಯ.

ಕುಸಿತಕ್ಕಿಂತ ಅಪಾಯಕಾರಿಯಾದದ್ದು ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಪ್ರೋಗ್ರಾಮು. ಚುರುಕುಗೊಳಿಸದ ಓ0 ಮಟ್ಟದಲ್ಲಿ ಸರಿ, ಓ2ನಲ್ಲಿ ತಪ್ಪು ಎಂದ ಮಾತ್ರಕ್ಕೆ ಕಂಪೈಲರ್‌ನದೇ ತಪ್ಪು ಎನ್ನಲಾಗದು. ಪ್ರಾಜೆಕ್ಟ್ ಫೈಲಿನಲ್ಲಿ ಫೈಲುವಾರು ಸ್ವಿಚ್ (ಕಂಪೈಲರ್‌ಗೆ ಕೊಡುವ ಆಯ್ಕೆ) ಕೊಡಬಹುದು. ಅರ್ಧ ಯೂನಿಟ್‌ಗಳನ್ನು ಓ0ಗೆ ಇಳಿಸಿ ಓಡಿಸಿ. ತಪ್ಪು ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ, ಒಂದೇ ಫೈಲು ಉಳಿಯುವವರೆಗೆ. ಆಮೇಲೆ ಬೆಲೆ ಕೊಡದ ವೇರಿಯಬಲ್‌ಗಳಿಗೆ ಬೆಲೆ ತುಂಬುವ ಇನಿಶಿಯಲೈಸ್ ಸ್ಕೇಲರ್ಸ್ ಪ್ರಾಗ್ಮಾ ಹಾಕಿ, ಬೆಲೆ ಸರಿಯಾದ ಮಿತಿಯಲ್ಲಿದೆಯೇ ನೋಡುವ ವ್ಯಾಲಿಡಿಟಿ ಚೆಕ್‌ಗಳನ್ನೆಲ್ಲ ಆನ್ ಮಾಡಿ, ರನ್‌ಟೈಮ್ ಚೆಕ್ ತೆಗೆದುಹಾಕುವ ಸ್ವಿಚ್ ಇದ್ದರೆ ಅದನ್ನು ಬಿಟ್ಟು ಮತ್ತೆ ಕಂಪೈಲ್ ಮಾಡಿ. ಪಾಯಿಂಟರ್ ಟೈಪ್‌ಗಳ ನಡುವೆ ಅನ್‌ಚೆಕ್ಡ್ ಕನ್ವರ್ಶನ್ (ಪರಿಶೀಲನೆಯಿಲ್ಲದ ಟೈಪ್ ಬದಲಾವಣೆ) ಇದೆಯೇ ನೋಡಿ. ಏಲಿಯಾಸಿಂಗ್ (ಒಂದೇ ಮೆಮೊರಿ ಜಾಗಕ್ಕೆ ಎರಡು ಹಾದಿ) ಬಗ್ಗೆ ಗ್ನಾಟ್ ಕೊಡುವ ಎಚ್ಚರಿಕೆ ಸುಮ್ಮನೆ ಬರುವುದಿಲ್ಲ. ಇಂಥ ಹುಡುಕಾಟ ಬಹುತೇಕ ಸಲ ಮುಗಿಯುವುದು ನಮ್ಮದೇ ಕೋಡಿನಲ್ಲಿ, ಆರಂಭಿಕ ಬೆಲೆ ಕೊಡದ ಯಾವುದೋ ವೇರಿಯಬಲ್‌ನಲ್ಲಿ. ಪ್ರೋದ ಬೆಂಬಲ ತಂಡ ಇದನ್ನೂ ನೋಡುತ್ತದೆ, ತಪ್ಪು ನಿಮ್ಮದಾದರೆ ಭಾಷೆಯ ನಿಯಮ ಸಮೇತ ವಿವರಿಸುತ್ತದೆ. ಅಡಾ ಬಲ್ಲ ಹಿರಿಯರಿಲ್ಲದ ತಂಡಕ್ಕೆ ಇದರ ಬೆಲೆ ದೊಡ್ಡದು.

ಲೈಸೆನ್ಸ್ ವಿಷಯದಲ್ಲಿ ಒಂದು ಹಳೆಯ ಮುಳ್ಳು ಇನ್ನೂ ಅಲ್ಲಲ್ಲಿ ಉಳಿದಿದೆ. ಅಡಾಕೋರ್ ಹಿಂದೆ ಉಚಿತವಾಗಿ ಕೊಡುತ್ತಿದ್ದ ಗ್ನಾಟ್ ಕಮ್ಯುನಿಟಿಯ ರನ್‌ಟೈಮ್ (ಕಟ್ಟಿದ ಪ್ರೋಗ್ರಾಮಿನೊಳಗೆ ಸೇರುವ ಲೈಬ್ರರಿ) ಶುದ್ಧ ಜಿಪಿಎಲ್, ಅಂದರೆ ಹಂಚಿದರೆ ಸೋರ್ಸ್ ಕೂಡ ಕೊಡಬೇಕೆನ್ನುವ ಲೈಸೆನ್ಸ್, ಅದಕ್ಕೆ ವಿನಾಯಿತಿ ಇಲ್ಲ. ಅದರಲ್ಲಿ ಕಟ್ಟಿದ ಬೈನರಿಯನ್ನು ಹಂಚಿದರೆ ನಿಮ್ಮ ಕೋಡೂ ಜಿಪಿಎಲ್ ಅಡಿಯಲ್ಲಿ ಬರಬೇಕು. 2021ರ ಆವೃತ್ತಿಯೇ ಅದರ ಕೊನೆ. ಈಗ ಅಡಾದ ಪ್ಯಾಕೇಜ್ ಮ್ಯಾನೇಜರ್ ಅಲೈರ್ ಮೂಲಕ ಸಿಗುವ ಉಚಿತ ಗ್ನಾಟ್‌ನ ರನ್‌ಟೈಮ್‌ಗೂ ಪ್ರೋದ ರನ್‌ಟೈಮ್‌ಗೂ ವಿನಾಯಿತಿ ಇದೆ, ಮುಚ್ಚಿದ ಕೋಡಿಗೂ ತೊಂದರೆಯಿಲ್ಲ. ಬಿಲ್ಡ್ ಯಂತ್ರದಲ್ಲಿ ಹಳೆಯದು ಕೂತಿದೆಯೇ ಎಂದು ತಿಳಿಯಲು ಗ್ನಾಟ್‌ಎಲ್‌ಎಸ್ ಕಮಾಂಡನ್ನು ವಿ ಸ್ವಿಚ್ ಜೊತೆ ಓಡಿಸಿ, ಅದು ತೋರಿಸುವ ಅಡಾಇನ್‌ಕ್ಲೂಡ್ ಫೋಲ್ಡರಿನ ಫೈಲುಗಳ ತಲೆಬರಹದಲ್ಲಿ 'ರನ್‌ಟೈಮ್ ಲೈಬ್ರರಿ ಎಕ್ಸೆಪ್ಶನ್' ಎಂಬ ಮಾತು ಇದೆಯೇ ಓದಿ.

ಕಂಪೈಲರ್ ಬದಲಿಸಿದಾಗಲೆಲ್ಲ ಕಂಪೈಲ್ ಮಾಡಿದಾಗ ಹುಟ್ಟಿದ ಹಳೆಯ ಎಎಲ್‌ಐ (ಗ್ನಾಟ್‌ನ ಮಾಹಿತಿ ಫೈಲು) ಮತ್ತು ಆಬ್ಜೆಕ್ಟ್ ಫೈಲುಗಳನ್ನು ಅಳಿಸಿ, ಲೈಬ್ರರಿಗಳನ್ನೂ ಸೇರಿಸಿ ಎಲ್ಲವನ್ನೂ ಹೊಸದಾಗಿ ಕಟ್ಟಿ. ಇಲ್ಲದಿದ್ದರೆ ಯೂನಿಟ್‌ಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡುವ ಬೈಂಡರ್ ತಕರಾರು ತೆಗೆಯುತ್ತದೆ. ಬೇರೆ ಬಗೆಯ ಯಂತ್ರಕ್ಕೆ ಕೋಡ್ ತಯಾರಿಸುವ ಕ್ರಾಸ್ ಕಂಪೈಲರನ್ನು ಸ್ವತಃ ಕಟ್ಟುವವರು ಮೊದಲು ಅದೇ ಆವೃತ್ತಿಯ ನೇಟಿವ್ (ತಮ್ಮ ಯಂತ್ರಕ್ಕೇ ಕೋಡ್ ತಯಾರಿಸುವ) ಗ್ನಾಟ್ ಕಟ್ಟಿಕೊಳ್ಳಬೇಕು.

ಹೊಸ ಆವೃತ್ತಿಗೆ ಯಾವಾಗ ಬೇಕಾದರೂ ಜಿಗಿಯಬಲ್ಲ, ಕೋಡನ್ನು ಬಹಿರಂಗವಾಗಿ ತೋರಿಸಬಲ್ಲ ಯೋಜನೆಗೆ ಉಚಿತ ಆವೃತ್ತಿಯನ್ನೇ ಶಿಫಾರಸು ಮಾಡುತ್ತೇನೆ, ಯಾವ ಹಿಂಜರಿಕೆಯೂ ಇಲ್ಲದೆ. ಈ ಎರಡರಲ್ಲಿ ಒಂದು ಸಾಧ್ಯವಿಲ್ಲವೆಂದರೂ ಪ್ರೋದ ಚಂದಾ ಕೇಳಿ ನೋಡಿ. ಚಂದಾ ನಿಲ್ಲಿಸಿದರೂ ಇನ್‌ಸ್ಟಾಲ್ ಮಾಡಿಕೊಂಡ ಕಂಪೈಲರ್ ನಿಮ್ಮದೇ, ಅದು ಸ್ವತಂತ್ರ ತಂತ್ರಾಂಶ. ನಿಲ್ಲುವುದು ಹೊಸ ಬಿಲ್ಡ್ ಮತ್ತು ಉತ್ತರಗಳು ಮಾತ್ರ. ಆದ್ದರಿಂದ ಅವಧಿ ಮುಗಿಯುವ ಮೊದಲೇ ಕೊನೆಯ ಬಿಲ್ಡಿನ ಇನ್‌ಸ್ಟಾಲರ್, ಸೋರ್ಸ್, ಗೊತ್ತಿರುವ ದೋಷಗಳ ಪಟ್ಟಿ ಈ ಮೂರನ್ನೂ ಇಳಿಸಿಕೊಂಡು ಯೋಜನೆಯ ಆರ್ಕೈವ್‌ಗೆ ಸೇರಿಸಿ.